ಒಂದೇ ಬಿಸಿಲು, ಬೇರೆ ಬೇರೆ ಲೆಕ್ಕ: ಸಬ್‌ಆರ್ಕ್ಟಿಕ್ ನೆಲದ ಶಕ್ತಿಯ ಜಮಾ-ಖರ್ಚು ಹಾಕುವುದು ಹೇಗೆ?

ಏಪ್ರಿಲ್ ತಿಂಗಳ ಕೊನೆ. ಸ್ವೀಡನ್ನಿನ ಉತ್ತರ ತುದಿಯ ಅಬಿಸ್ಕೊ. ಎದುರಿಗೆ ತೋರ್ನೆತ್ರೆಸ್ಕ್ ಸರೋವರ, ಇನ್ನೂ ಗಟ್ಟಿ ಮಂಜುಗಡ್ಡೆ. ದಡದಿಂದ ಮೇಲಕ್ಕೆ ಎಲೆಯಿಲ್ಲದೆ ನಿಂತ ಬರ್ಚ್ ಮರಗಳು. ಅದಕ್ಕೂ ಮೇಲೆ ಮರಗಳೇ ಇಲ್ಲದ ಬೆಟ್ಟದ ಬೆನ್ನು, ಪೂರ್ತಿ ಬಿಳಿ. ಮೂರರ ಮೇಲೂ ಬೀಳುವ ಬಿಸಿಲು ಒಂದೇ. ಆದರೆ ಬೆಟ್ಟದ ಬೆನ್ನಿನಲ್ಲಿ ಬಹುಪಾಲು ಬೆಳಕು ಆಕಾಶಕ್ಕೆ ವಾಪಸ್ ಹೋಗುತ್ತದೆ. ಕಾಡಿನಲ್ಲಿ ಕೊಂಬೆಗಳು ಕಾದು ಸುತ್ತಲ ಗಾಳಿಯನ್ನು ಬಿಸಿ ಮಾಡುತ್ತವೆ. ಸರೋವರದ ಮೇಲೆ ಸ್ವಲ್ಪ ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ.

ಈ ವ್ಯತ್ಯಾಸವನ್ನು ಅಂದಾಜಿನ ಮಾತಿನಲ್ಲಿ ಬಿಡದೆ ಅಂಕಿಗಳಲ್ಲಿ ಹಿಡಿಯುವುದು ಹೇಗೆ ಅನ್ನುವುದೇ ಈ ಲೇಖನ. ಭೂಗೋಳ, ಪರಿಸರ, ಹವಾಮಾನ ಓದುತ್ತಿರುವವರಿಗೆ, ಉಪಗ್ರಹ ಚಿತ್ರಗಳ ಜೊತೆ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು. ಹೆಚ್ಚಿನ ಲೆಕ್ಕಕ್ಕೆ ಕಾಗದ, ಪೆನ್ನು, ಒಂದು ಕ್ಯಾಲ್ಕ್ಯುಲೇಟರ್ ಸಾಕು.

ಮೊದಲೇ ಒಂದು ಮಾತು. ವರ್ಷದ ಸರಾಸರಿ ಹಿಡಿದುಕೊಂಡು ಹೊರಡಬೇಡಿ. ನಾನು ಶುರುವಿನಲ್ಲಿ ಮಾಡಿದ ತಪ್ಪು ಅದೇ. "ಕಾಡು ಬಿಸಿ ಮಾಡುತ್ತದೆ, ಬಯಲು ತಂಪು ಮಾಡುತ್ತದೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ. ಸಬ್‌ಆರ್ಕ್ಟಿಕ್ ಪ್ರದೇಶದಲ್ಲಿ, ಅಂದರೆ ಉತ್ತರ ಧ್ರುವವಲಯದ ಅಂಚಿನ ಪಟ್ಟಿಯಲ್ಲಿ, ಆ ಸಾಲು ನಿಲ್ಲುವುದಿಲ್ಲ. ಅಲ್ಲಿ ಅದೇ ಗಿಡ ಚಳಿಗಾಲದಲ್ಲಿ ಒಂದು ಕೆಲಸ ಮಾಡಿದರೆ ಬೇಸಿಗೆಯಲ್ಲಿ ಅದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ಆದ್ದರಿಂದ ಯಾವ ಹೊದಿಕೆ (ನೆಲದ ಮೇಲಿರುವುದು ಕಾಡೋ, ಪೊದೆಯೋ, ಜೌಗೋ, ನೀರೋ) ಎಂದು ಕೇಳಿದ ಕೂಡಲೇ ಯಾವ ತಿಂಗಳು ಎಂದೂ ಕೇಳಬೇಕು.

ಹೆಜ್ಜೆ 1: ಜಮಾ ಯಾವುದು, ಖರ್ಚು ಯಾವುದು?

ನೆಲದ ಮೇಲ್ಮೈಯನ್ನು ಒಂದು ಲೆಕ್ಕದ ಪುಸ್ತಕ ಅಂದುಕೊಳ್ಳಿ. ಜಮಾ ಬದಿಯಲ್ಲಿ ಎರಡು ಬಾಬ್ತು. ಒಂದು, ಬಿದ್ದ ಬಿಸಿಲಿನಲ್ಲಿ ನೆಲ ಹೀರಿಕೊಂಡ ಭಾಗ. ಎರಡು, ಗಾಳಿ ಮತ್ತು ಮೋಡಗಳು ಕೆಳಗೆ ಕಳಿಸುವ ಅವಗೆಂಪು ವಿಕಿರಣ. ಇವೆರಡರ ಮೊತ್ತದಿಂದ ನೆಲ ತಾನೇ ಮೇಲಕ್ಕೆ ಸೂಸುವ ಅವಗೆಂಪು ವಿಕಿರಣವನ್ನು ಕಳೆಯಿರಿ. ಉಳಿದದ್ದು ನಿವ್ವಳ ವಿಕಿರಣ. ಖರ್ಚು ಮಾಡಲು ನೆಲದ ಕೈಯಲ್ಲಿರುವ ಹಣ ಅಷ್ಟೇ.

ಆ ಹಣ ನಾಲ್ಕು ಕಡೆ ಹೋಗುತ್ತದೆ. ಗಾಳಿಯನ್ನು ಬಿಸಿ ಮಾಡಲು ಸ್ವಲ್ಪ. ನೀರನ್ನು ಆವಿ ಮಾಡಲು ಸ್ವಲ್ಪ. ಇದು ಗುಪ್ತೋಷ್ಣ, ಥರ್ಮಾಮೀಟರಿಗೆ ಕಾಣದ ಖರ್ಚು. ಮಣ್ಣಿನೊಳಗೆ ಇಳಿಯುವುದು ಸ್ವಲ್ಪ. ಹಿಮ ಇದ್ದರೆ ಅದನ್ನು ಕರಗಿಸಲು ಸ್ವಲ್ಪ. ಕೆರೆ, ಸರೋವರವಾದರೆ ಮಣ್ಣಿನ ಜಾಗದಲ್ಲಿ ನೀರಿನ ಆಳವನ್ನು ಇಟ್ಟುಕೊಳ್ಳಿ.

ಎಲ್ಲವನ್ನೂ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಬರೆಯಿರಿ. ಮುಂದೆ ನಾನು ಸುಮ್ನೆ "ವ್ಯಾಟ್" ಅಂದರೂ ಅರ್ಥ ಅದೇ. ಕೆಲವು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡರೆ ಕೆಲಸ ಹಗುರ. ಒಂದು ಕಿಲೋ ನೀರು ಆವಿಯಾಗಲು ಸುಮಾರು 25 ಲಕ್ಷ ಜೌಲ್ ಬೇಕು. ಒಂದು ಕಿಲೋ ಹಿಮ ಕರಗಲು ಸುಮಾರು 3.34 ಲಕ್ಷ ಜೌಲ್ ಸಾಕು. ಒಂದು ಚದರ ಮೀಟರಿನ ಮೇಲೆ ಹರಡಿದ ಒಂದು ಕಿಲೋ ನೀರಿನ ಆಳ ಒಂದು ಮಿಲಿಮೀಟರ್. ಅಂದರೆ 29 ವ್ಯಾಟ್ ಇಡೀ ದಿನ ಸಿಕ್ಕರೆ ಒಂದು ಮಿಲಿಮೀಟರ್ ನೀರು ಆವಿಯಾಗುತ್ತದೆ. ಅದೇ ಶಕ್ತಿ ಹಿಮಕ್ಕೆ ಸಿಕ್ಕರೆ ಏಳೂವರೆ ಮಿಲಿಮೀಟರಿನಷ್ಟು ನೀರು ಕರಗಿ ಹರಿಯುತ್ತದೆ. ಈ ಏಳೂವರೆ ಪಟ್ಟು ಅನ್ನುವುದನ್ನು ಮರೆಯಬೇಡಿ.

ನೆಲ ಸೂಸುವ ಅವಗೆಂಪು ವಿಕಿರಣಕ್ಕೆ ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮ ಇದೆ. ಕೆಲ್ವಿನ್ ತಾಪಮಾನವನ್ನು (ಸೆಲ್ಸಿಯಸ್ ಅಂಕಿಗೆ 273 ಸೇರಿಸಿದ್ದು) ನಾಲ್ಕನೇ ಘಾತಕ್ಕೆ ಏರಿಸಿ, ಬಂದದ್ದನ್ನು 5.67ರಿಂದ ಗುಣಿಸಿ, ಹತ್ತು ಕೋಟಿಯಿಂದ ಭಾಗಿಸಿ. ಸೊನ್ನೆ ಡಿಗ್ರಿಯ ಮೇಲ್ಮೈ ಸುಮಾರು 316 ವ್ಯಾಟ್ ಸೂಸುತ್ತದೆ. ಮೈನಸ್ 20 ಡಿಗ್ರಿಯದ್ದು 233. ಪ್ಲಸ್ 20 ಡಿಗ್ರಿಯದ್ದು 419.

ಹೆಜ್ಜೆ 2: ಹೊದಿಕೆಯನ್ನು ಶಕ್ತಿಯ ಕಣ್ಣಿನಿಂದ ವಿಂಗಡಿಸಿ

ಸೂಜಿ ಎಲೆಯ ಕಾಡು ತೆಳುವಾಗುತ್ತಾ ಹೋಗಿ ಮರವಿಲ್ಲದ ಟಂಡ್ರಾ ಶುರುವಾಗುವ ಪಟ್ಟಿಯೇ ಸಬ್‌ಆರ್ಕ್ಟಿಕ್. ಉತ್ತರ ಸ್ಕ್ಯಾಂಡಿನೇವಿಯಾ, ಫಿನ್ಲೆಂಡಿನ ಲ್ಯಾಪ್‌ಲ್ಯಾಂಡ್, ಕೆನಡಾದ ಹಡ್ಸನ್ ಕೊಲ್ಲಿಯ ತಗ್ಗು ಪ್ರದೇಶ, ಅಲಾಸ್ಕದ ಒಳನಾಡು, ಸೈಬೀರಿಯಾದ ದೊಡ್ಡ ಭಾಗ. ಸ್ಪ್ರೂಸ್, ಪೈನ್, ಬರ್ಚ್, ಕುಳ್ಳ ಪೊದೆ, ಹುಲ್ಲಿನ ಜೌಗು, ಪೀಟ್ (ಅರೆಕೊಳೆತ ಸಸ್ಯಗಳ ಪದರ) ದಿಬ್ಬ, ಹಾವಸೆ, ಕಲ್ಲುಹೂವು, ಕೆರೆ, ಬಂಡೆ ಎಲ್ಲವೂ ಒಂದೇ ಕಿಲೋಮೀಟರಿನೊಳಗೆ ಸಿಗಬಹುದು.

ಸಸ್ಯಗಳ ಹೆಸರಿನ ಪಟ್ಟಿ ಮಾಡುವುದಕ್ಕೆ ಹೋಗಬೇಡಿ. ಅದರ ಬದಲು ಪ್ರತಿ ತುಣುಕಿಗೂ ಐದು ಪ್ರಶ್ನೆ ಕೇಳಿ. ಹಿಮ ಪೂರ್ತಿ ಬಿದ್ದ ಮೇಲೆ ಈ ಗಿಡ ಹಿಮದ ಮೇಲೆ ತಲೆ ಎತ್ತಿರುತ್ತದೆಯೇ, ಅಥವಾ ಹೂತುಹೋಗುತ್ತದೆಯೇ? ಎಲೆ ವರ್ಷವಿಡೀ ಇರುತ್ತದೆಯೇ, ಉದುರುತ್ತದೆಯೇ? ಬೇಸಿಗೆಯಲ್ಲಿ ಇಲ್ಲಿ ನೀರು ನಿಲ್ಲುತ್ತದೆಯೇ? ಬುಡದಲ್ಲಿ ಹಾವಸೆಯ ಅಥವಾ ಪೀಟಿನ ದಪ್ಪ ಹಾಸು ಇದೆಯೇ? ಗಾಳಿಗೆ ಇದು ನುಣುಪೋ ಒರಟೋ? ನನ್ನ ಅನುಭವದಲ್ಲಿ ಮೊದಲ ಪ್ರಶ್ನೆಯ ಉತ್ತರ ಉಳಿದ ನಾಲ್ಕಕ್ಕಿಂತ ಜಾಸ್ತಿ ತೂಕದ್ದು.

ನಕ್ಷೆ ಬೇಕಾದರೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ಇದೆ. 2020 ಮತ್ತು 2021ರ ಎರಡು ಆವೃತ್ತಿ, 10 ಮೀಟರ್ ವಿವರ. ಅದರಲ್ಲಿ ಹಾವಸೆ-ಕಲ್ಲುಹೂವುಗಳಿಗೆ ಬೇರೆಯೇ ವರ್ಗ ಇದೆ, ಈ ಪ್ರದೇಶಕ್ಕೆ ಅದು ತುಂಬ ಅನುಕೂಲ. ಆದರೆ ಗಿಡದ ಎತ್ತರ ಆ ನಕ್ಷೆಯಲ್ಲಿ ಸಿಗುವುದಿಲ್ಲ. ಮೊಣಕಾಲೆತ್ತರದ ಪೊದೆಯೂ ಎದೆಯೆತ್ತರದ ಪೊದೆಯೂ ಅಲ್ಲಿ ಒಂದೇ ಬಣ್ಣ. ಎತ್ತರವನ್ನು ನೀವೇ ಬೇರೆ ಕಡೆಯಿಂದ ತರಬೇಕು. ಪೀಟ್ ದಿಬ್ಬದ ತಲೆ ಮತ್ತು ಪಕ್ಕದ ನೀರಿನ ಗುಂಡಿಯ ನಡುವೆ ಕೆಲವೇ ಮೀಟರ್ ಅಂತರ ಇರುತ್ತದೆ ಅನ್ನುವುದೂ ನೆನಪಿರಲಿ.

ಹೆಜ್ಜೆ 3: ಕತ್ತಲ ತಿಂಗಳುಗಳಲ್ಲಿ ಹಿಮದ ದಪ್ಪ ನೋಡಿ

ಡಿಸೆಂಬರಿನಲ್ಲಿ ಅಬಿಸ್ಕೊದಂಥ ಜಾಗದಲ್ಲಿ ಸೂರ್ಯ ದಿಗಂತ ದಾಟಿ ಬರುವುದೇ ಇಲ್ಲ. ಬಿಸಿಲಿಲ್ಲದ ಮೇಲೆ ನೆಲದ ಬಣ್ಣಕ್ಕೆ ಬೆಲೆ ಇಲ್ಲ. ನಿವ್ವಳ ವಿಕಿರಣ ಋಣಾತ್ಮಕ. ನೆಲ ಕೂಡಿಟ್ಟ ಶಾಖವನ್ನು ಖರ್ಚು ಮಾಡುತ್ತಾ ಇರುತ್ತದೆ. ಎಷ್ಟು ಬೇಗ ಖರ್ಚಾಗುತ್ತದೆ ಅನ್ನುವುದನ್ನು ನಿರ್ಧರಿಸುವುದು ಮೇಲಿನ ಹಿಮದ ಕಂಬಳಿ.

ಲೆಕ್ಕ ಸರಳ. ಶಾಖ ಎಷ್ಟು ಸಲೀಸಾಗಿ ಹಾಯುತ್ತದೆ ಅನ್ನುವ ಅಂಕಿಯೇ ಶಾಖ ವಾಹಕತೆ; ಹಿಮದ್ದನ್ನು 0.2 ಎಂದಿಟ್ಟುಕೊಳ್ಳಿ. ಕೆಳಗಿನ ಮಣ್ಣಿಗೂ ಮೇಲಿನ ಹಿಮಕ್ಕೂ 15 ಡಿಗ್ರಿ ವ್ಯತ್ಯಾಸ ಇರಲಿ. ವಾಹಕತೆಯನ್ನು ಈ ವ್ಯತ್ಯಾಸದಿಂದ ಗುಣಿಸಿ, ಮೀಟರಿನಲ್ಲಿರುವ ದಪ್ಪದಿಂದ ಭಾಗಿಸಿ. ಹಿಮ ಅರ್ಧ ಮೀಟರ್ ದಪ್ಪ ಇದ್ದರೆ ಮಣ್ಣಿನಿಂದ 6 ವ್ಯಾಟ್ ಸೋರುತ್ತದೆ. ಹತ್ತೇ ಸೆಂಟಿಮೀಟರ್ ಇದ್ದರೆ 30 ವ್ಯಾಟ್. ನಿಜದಲ್ಲಿ ಮಣ್ಣು ತಣಿದಂತೆ ವ್ಯತ್ಯಾಸ ಕಡಿಮೆಯಾಗುತ್ತದೆ, ಆದರೆ ಶುರುವಿನ ಓಟ ಹೀಗೇ ಇರುತ್ತದೆ.

ಇಲ್ಲಿ ಗಿಡಗಳ ಪಾತ್ರ ಬರುತ್ತದೆ. ಗಾಳಿ ಬೀಸುವ ಬಯಲಿನಲ್ಲಿ ಹಿಮ ನಿಲ್ಲುವುದಿಲ್ಲ, ತೂರಿಹೋಗುತ್ತದೆ. ಪೊದೆ ಸಿಕ್ಕಲ್ಲಿ ಗಾಳಿಯ ವೇಗ ಕುಗ್ಗಿ ಹಿಮ ಅಲ್ಲೇ ಗುಡ್ಡೆ ಬೀಳುತ್ತದೆ. ಹಾಗಾಗಿ ಚಳಿಗಾಲದಲ್ಲಿ ಪೊದೆಯ ಕೆಳಗಿನ ಮಣ್ಣು ಬಯಲಿನ ಮಣ್ಣಿಗಿಂತ ಬೆಚ್ಚಗಿರುತ್ತದೆ. ದಟ್ಟ ಸೂಜಿ ಎಲೆ ಕಾಡಿನಲ್ಲಿ ಮತ್ತೆ ಬೇರೆ. ಅಲ್ಲಿ ಬಿದ್ದ ಹಿಮದ ಒಂದು ಭಾಗ ಕೊಂಬೆಯ ಮೇಲೇ ನಿಂತು, ಕರಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹೀಗೆ ನೇರ ಆವಿಯಾಗಲು ಕಿಲೋಗೆ 28 ಲಕ್ಷ ಜೌಲ್‌ಗೂ ಜಾಸ್ತಿ ಬೇಕು. ಕೆಳಗೆ ನೆಲಕ್ಕೆ ಸಿಗುವ ಹಿಮ ಅಷ್ಟರಮಟ್ಟಿಗೆ ಕಡಿಮೆ.

ಪೀಟ್ ದಿಬ್ಬಗಳ ಕಥೆ ನನಗೆ ತುಂಬ ಇಷ್ಟ. ಅವುಗಳಿಗೆ ಪಾಲ್ಸಾ ಎನ್ನುತ್ತಾರೆ. ಅಬಿಸ್ಕೊ ಹತ್ತಿರದ ಸ್ಟೋರ್ಡಾಲೆನ್ ಜೌಗಿನಲ್ಲಿ ಇವನ್ನು ನೋಡಬಹುದು. ದಿಬ್ಬದ ತಲೆಯ ಮೇಲಿನ ಹಿಮವನ್ನು ಗಾಳಿ ಗುಡಿಸಿಬಿಡುತ್ತದೆ, ಹಾಗಾಗಿ ಚಳಿ ನೇರವಾಗಿ ಒಳಗೆ ಇಳಿಯುತ್ತದೆ. ಆ ಹೊತ್ತಿಗೆ ಪೀಟ್ ಒದ್ದೆಯಾಗಿ ಹೆಪ್ಪುಗಟ್ಟಿರುತ್ತದೆ, ಅದರ ಶಾಖ ವಾಹಕತೆ ಒಂದೂವರೆಗಿಂತ ಮೇಲೆ. ಬೇಸಿಗೆಯಲ್ಲಿ ಅದೇ ಪೀಟಿನ ಮೇಲ್ಪದರ ಒಣಗಿ ಹಗುರಾಗುತ್ತದೆ, ವಾಹಕತೆ 0.06ರ ಆಸುಪಾಸಿಗೆ ಇಳಿಯುತ್ತದೆ. ಚಳಿಗೆ ಬಾಗಿಲು ತೆರೆದು, ಬಿಸಿಲಿಗೆ ಮುಚ್ಚಿದ ಹಾಗೆ. ಸುತ್ತಲೂ ನೆಲ ಕರಗಿದ್ದರೂ ದಿಬ್ಬದ ಹೊಟ್ಟೆಯಲ್ಲಿ ಪರ್ಮಾಫ್ರಾಸ್ಟ್, ಅಂದರೆ ವರ್ಷಗಟ್ಟಲೆ ಕರಗದ ನೆಲ, ಉಳಿದುಕೊಂಡಿರುವುದು ಹೀಗೆ.

ಹೆಜ್ಜೆ 4: ವಸಂತದ ಲೆಕ್ಕಕ್ಕೆ ಜಾಸ್ತಿ ಸಮಯ ಕೊಡಿ

ಮಾರ್ಚ್ ಕೊನೆಯಿಂದ ಮೇ ತನಕದ ಹೊತ್ತು ಇದು. ಸೂರ್ಯ ಮೇಲೇರಿರುತ್ತಾನೆ, ಹಗಲು ಉದ್ದ, ಆದರೆ ಹಿಮ ಇನ್ನೂ ಹೋಗಿರುವುದಿಲ್ಲ. ಇಡೀ ವರ್ಷದಲ್ಲಿ ಹೊದಿಕೆಗಳ ನಡುವಿನ ವ್ಯತ್ಯಾಸ ಅತಿ ದೊಡ್ಡದಾಗುವುದು ಇದೇ ವಾರಗಳಲ್ಲಿ.

ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ವಾಪಸ್ ಹೋಗುತ್ತದೆ ಅನ್ನುವುದೇ ಆಲ್ಬಿಡೊ. ಹೊಸ ಹಿಮದ್ದು 0.8ಕ್ಕೂ ಮೇಲೆ. ಹಳಸಿದ, ಒದ್ದೆಯಾದ ಹಿಮದ್ದು 0.5ರಿಂದ 0.7. ಹಿಮದ ನೆಲದ ಮೇಲೆ ನಿಂತ ಸೂಜಿ ಎಲೆ ಕಾಡಿನದ್ದು? 0.8ರ ಹತ್ತಿರ ಇರಬಹುದು ಅನಿಸುತ್ತದೆ, ಕೆಳಗೆಲ್ಲ ಬಿಳಿ ಹಿಮವೇ ಅಲ್ವಾ? ಆದರೆ ಕೆನಡಾದ ಸಸ್ಕಾಚೆವಾನ್ ಮತ್ತು ಮ್ಯಾನಿಟೋಬಾದಲ್ಲಿ 1990ರ ದಶಕದಲ್ಲಿ ನಡೆದ ಬೋರಿಯಾಸ್ ಎಂಬ ದೊಡ್ಡ ಅಧ್ಯಯನದಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು 0.11ರಿಂದ 0.13. ಎಲೆ ಉದುರಿದ ಆಸ್ಪೆನ್ ಮರಗಳ ತಾಣದಲ್ಲಿ ಸುಮಾರು 0.21. ಹಿಮ ಮುಚ್ಚಿದ ಹುಲ್ಲಿನ ಮೇಲೆ ಸುಮಾರು 0.75. ಸೂರ್ಯ ತಗ್ಗಿನಲ್ಲಿರುವುದರಿಂದ ಕಿರಣ ಓರೆಯಾಗಿ ಬಂದು ಕೊಂಬೆಗಳಿಗೇ ತಾಗುತ್ತದೆ. ಕೆಳಗಿನ ಬಿಳಿಯನ್ನು ಅದು ಹೆಚ್ಚಾಗಿ ಕಾಣುವುದೇ ಇಲ್ಲ.

ಈ ಒಂದು ಅಂಕಿ ಹವಾಮಾನ ಮುನ್ಸೂಚನೆಯನ್ನೇ ತಿದ್ದಿತು. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಮಾದರಿಯಲ್ಲಿ ಹಿಮವಿರುವ ಕಾಡಿನ ಆಲ್ಬಿಡೊ ತುಂಬ ಜಾಸ್ತಿ ಇಡಲಾಗಿತ್ತು. ಹಾಗಾಗಿ ವಸಂತದಲ್ಲಿ ಉತ್ತರದ ಕಾಡುಗಳ ಮೇಲಿನ ತಾಪಮಾನ ನಿಜಕ್ಕಿಂತ ಕಡಿಮೆ ಬರುತ್ತಿತ್ತು. ಬೋರಿಯಾಸ್ ಅಳತೆಗಳ ನಂತರ ಅದನ್ನು 0.2ಕ್ಕೆ ಇಳಿಸಿದರು. ಮುನ್ಸೂಚನೆ ಸುಧಾರಿಸಿತು.

ಈಗ ನಾವೇ ಒಂದು ಲೆಕ್ಕ ಹಾಕೋಣ. ಏಪ್ರಿಲ್ ಕೊನೆಯ ಮಧ್ಯಾಹ್ನ, ತಿಳಿ ಆಕಾಶ. ಬಿಸಿಲು 500 ವ್ಯಾಟ್, ಆಕಾಶದಿಂದ ಅವಗೆಂಪು 240 ವ್ಯಾಟ್ ಎಂದು ಇಟ್ಟುಕೊಳ್ಳೋಣ. ಹೊಸ ಹಿಮದ ಬಯಲು, ಆಲ್ಬಿಡೊ 0.8. ಹೀರಿದ ಬಿಸಿಲು 100. ಜೊತೆಗೆ 240. ಸೊನ್ನೆ ಡಿಗ್ರಿಯಲ್ಲಿ ಸೂಸಿದ್ದು 316. ಉಳಿದದ್ದು ಬರೀ 24 ವ್ಯಾಟ್.

ಪಕ್ಕದ ಸ್ಪ್ರೂಸ್ ಕಾಡು, ಆಲ್ಬಿಡೊ 0.12. ಹೀರಿದ ಬಿಸಿಲು 440. ಜೊತೆಗೆ ಅದೇ 240. ಕೊಂಬೆಗಳು 8 ಡಿಗ್ರಿಗೆ ಕಾದಿವೆ ಅಂದುಕೊಂಡರೆ ಸೂಸಿದ್ದು 354. ಉಳಿದದ್ದು 326 ವ್ಯಾಟ್. ಬಿಸಿಲು ಒಂದೇ ಆದರೂ ಕೈಗೆ ಸಿಕ್ಕ ಹಣ ಹದಿಮೂರು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ಸಾಲು ಸೇರಿಸಿ. ಅದೇ ಬಯಲಿನ ಹಿಮ ಹಳಸಿ ಆಲ್ಬಿಡೊ 0.6ಕ್ಕೆ ಇಳಿಯಿತು ಅನ್ನಿ. ಹೀರಿದ ಬಿಸಿಲು 200. ಉಳಿದದ್ದು 124 ವ್ಯಾಟ್. ಆಲ್ಬಿಡೊದಲ್ಲಿ 0.2 ಇಳಿದದ್ದಕ್ಕೆ ಕರಗಿಸುವ ಶಕ್ತಿ ಐದು ಪಟ್ಟು ಏರಿತು. ಗಂಟೆಗೆ ಕಾಲು ಮಿಲಿಮೀಟರ್ ಕರಗುತ್ತಿದ್ದ ಹಿಮ ಈಗ 1.3 ಮಿಲಿಮೀಟರ್ ಕರಗುತ್ತದೆ. ಕರಗಿದಷ್ಟೂ ಹಿಮ ಇನ್ನಷ್ಟು ಮಂಕಾಗುತ್ತದೆ. ಎತ್ತರದ ಪೊದೆಗಳಿದ್ದರೆ ಅವುಗಳ ಕಪ್ಪು ರೆಂಬೆಗಳು ಹಿಮದಿಂದ ಹೊರಗೆ ತಲೆ ಹಾಕಿ ಇದೇ ಕೆಲಸವನ್ನು ಮೊದಲೇ ಶುರುಮಾಡುತ್ತವೆ.

ಕಾಡಿನ ಆ 326 ವ್ಯಾಟ್ ಎಲ್ಲಿಗೆ ಹೋಯಿತು? ಬೇರು ಇರುವ ಮಣ್ಣು ಇನ್ನೂ ಹೆಪ್ಪುಗಟ್ಟಿದೆ ಅಥವಾ ತುಂಬ ತಣ್ಣಗಿದೆ. ಮರ ನೀರೆಳೆಯಲಾರದು, ಆವಿ ಬಿಡಲಾರದು. ಹೀಗಾಗಿ ಬಹುಪಾಲು ಗಾಳಿಯನ್ನು ಬಿಸಿ ಮಾಡಲು ಹೋಗುತ್ತದೆ. ಬೋರಿಯಾಸ್ ಕಾಲದಲ್ಲಿ ವಸಂತದ ಕಾಡಿನ ಮೇಲೆ ನೆಲದ ಪ್ರಭಾವಕ್ಕೆ ಸಿಕ್ಕು ಕಲಕಿದ ಗಾಳಿಯ ಪದರ 3000 ಮೀಟರ್ ತನಕ ಏರಿದ್ದನ್ನು ಕಂಡಿದ್ದರು. ಕೆಳಗೆ ಹಿಮ, ಮೇಲೆ ಮರುಭೂಮಿಯಂಥ ಒಣ ಬಿಸಿ ಗಾಳಿ. ನನಗೆ ಇದನ್ನು ಮೊದಲ ಸಲ ಓದಿದಾಗ ನಂಬಲು ಸಮಯ ಬೇಕಾಯಿತು.

ಕಾಡಿನ ಮೇಲ್ಭಾಗ ಇಷ್ಟು ಕಾಯುತ್ತದೆ ಎಂದ ಮಾತ್ರಕ್ಕೆ ಕಾಡಿನೊಳಗಿನ ಹಿಮ ಬೇಗ ಕರಗುತ್ತದೆ ಅಂದುಕೊಳ್ಳಬೇಡಿ. ಮೇಲಿನ ಕೊಂಬೆ ನೆರಳು ಕೊಡುತ್ತದೆ, ಗಾಳಿ ತಡೆಯುತ್ತದೆ. ಇನ್ನೊಂದು ಕಡೆ ಕಾದ ಕೊಂಬೆ, ಕಾಂಡಗಳು ಹಿಮದ ಕಡೆಗೆ ಅವಗೆಂಪು ಸೂಸುತ್ತವೆ. ಕಾಂಡದ ಸುತ್ತ ಬಾವಿಯಂತೆ ಕರಗಿದ ಗುಂಡಿ ಕಾಣುವುದಕ್ಕೆ ಇದೂ ಒಂದು ಕಾರಣ. ಯಾವುದು ಗೆಲ್ಲುತ್ತದೆ ಅನ್ನುವುದು ಜಾಗದ ಚಳಿಯ ಮೇಲೆ ನಿಂತಿದೆ. ಚಳಿ ಜಾಸ್ತಿ ಇರುವ ಕಡೆ ನೆರಳು ಗೆದ್ದು ಕಾಡಿನ ಹಿಮ ಬಯಲಿನದ್ದಕ್ಕಿಂತ ತಡವಾಗಿ ಹೋಗುವುದು ಸಾಮಾನ್ಯ. ಆದ್ದರಿಂದ ಕಾಡಿಗೆ ಎರಡು ಲೆಕ್ಕ ಬರೆಯಿರಿ: ಮರದ ತಲೆಗೊಂದು, ಕೆಳಗಿನ ನೆಲಕ್ಕೊಂದು.

ಹೆಜ್ಜೆ 5: ಬೇಸಿಗೆಯಲ್ಲಿ ನೀರನ್ನು ಹಿಂಬಾಲಿಸಿ

ಹಿಮ ಹೋದ ಮೇಲೆ ಆಲ್ಬಿಡೊ ಆಟ ಸಣ್ಣದಾಗುತ್ತದೆ. ಸೂಜಿ ಎಲೆ ಕಾಡು 0.1ರ ಹತ್ತಿರ. ಎಲೆ ಬಿಟ್ಟ ಬರ್ಚ್, ಪೊದೆ, ಜೌಗು ಹುಲ್ಲು 0.15ರ ಆಸುಪಾಸು. ತಿಳಿ ಬಣ್ಣದ ಕಲ್ಲುಹೂವಿನ ಹಾಸು 0.2 ದಾಟಬಹುದು. ಈಗ ನೋಡಬೇಕಾದದ್ದು ಖರ್ಚಿನ ಬದಿ. ಗಾಳಿ ಕಾಯಿಸಲು ಹೋದ ಶಕ್ತಿಯನ್ನು ಆವಿ ಮಾಡಲು ಹೋದ ಶಕ್ತಿಯಿಂದ ಭಾಗಿಸಿ. ಬರುವ ಸಂಖ್ಯೆಯನ್ನು ಬೋವೆನ್ ಅನುಪಾತ ಎನ್ನುತ್ತಾರೆ. ಒಂದಕ್ಕಿಂತ ಕಡಿಮೆ ಇದ್ದರೆ ನೆಲ ನೀರಿಗೆ ಜಾಸ್ತಿ ಖರ್ಚು ಮಾಡುತ್ತಿದೆ. ಒಂದಕ್ಕಿಂತ ಜಾಸ್ತಿ ಇದ್ದರೆ ಗಾಳಿಗೆ.

ಒಂದು ಉದಾಹರಣೆ. ನಿವ್ವಳ ವಿಕಿರಣ ಎರಡು ಕಡೆಯೂ 400 ವ್ಯಾಟ್ ಇರಲಿ. ಒದ್ದೆ ಜೌಗಿನಲ್ಲಿ 60 ವ್ಯಾಟ್ ನೆಲದೊಳಗೆ ಹೋಗಿ, ಅನುಪಾತ 0.5 ಇದ್ದರೆ ಆವಿಗೆ 227, ಗಾಳಿಗೆ 113. ಸ್ಪ್ರೂಸ್ ಕಾಡಿನಲ್ಲಿ 20 ವ್ಯಾಟ್ ನೆಲಕ್ಕೆ ಹೋಗಿ, ಅನುಪಾತ 1.5 ಇದ್ದರೆ ಆವಿಗೆ 152, ಗಾಳಿಗೆ 228. ಕಾಡು ಗಾಳಿಗೆ ಕೊಟ್ಟದ್ದು ಜೌಗಿನ ಎರಡು ಪಟ್ಟು. ಸುತ್ತ ನೀರಿದ್ದರೂ ಸೂಜಿ ಎಲೆ ಮರಗಳು ಗಾಳಿ ಒಣಗಿದ ಕೂಡಲೇ ಎಲೆಯ ರಂಧ್ರಗಳನ್ನು ಬಿಗಿ ಮಾಡಿಕೊಳ್ಳುತ್ತವೆ. ಆಸ್ಪೆನ್, ಬರ್ಚ್‌ನಂಥ ಅಗಲ ಎಲೆಯವು ಅಷ್ಟು ಜಿಪುಣತನ ಮಾಡುವುದಿಲ್ಲ.

ಹಾವಸೆಗೆ ಬೇರಿಲ್ಲ, ರಂಧ್ರ ಮುಚ್ಚುವ ವ್ಯವಸ್ಥೆಯೂ ಇಲ್ಲ. ನೀರಿನ ಮಟ್ಟ ಹತ್ತಿರವಿದ್ದರೆ ಅದು ದೀಪದ ಬತ್ತಿಯ ಹಾಗೆ ನೀರೆತ್ತಿ ಆವಿ ಮಾಡುತ್ತಲೇ ಇರುತ್ತದೆ. ಮಟ್ಟ ಕೆಳಗಿಳಿದರೆ ಮೇಲ್ಪದರ ಒಣಗಿ ಬಿಳಿಚಿಕೊಳ್ಳುತ್ತದೆ, ಆವಿ ಕುಸಿಯುತ್ತದೆ. ಕಲ್ಲುಹೂವಿನ ಹಾಸು ಒಣಗಿದಾಗ ಮಣ್ಣಿಗೆ ಮುಚ್ಚಳ ಹಾಕಿದಂತೆ. ಆದ್ದರಿಂದ ಜೌಗಿನಲ್ಲಿ ಕೆಲಸ ಮಾಡುವವರು ನೀರಿನ ಮಟ್ಟವನ್ನು ಅಳೆಯದೆ ಮುಂದೆ ಹೋಗಬೇಡಿ.

ನೆಲದೊಳಗೆ ಹೋಗುವ ಪಾಲು ಸಣ್ಣದು ಎಂದು ಕೆಲವರು ಬಿಟ್ಟುಬಿಡುತ್ತಾರೆ. ಪರ್ಮಾಫ್ರಾಸ್ಟ್ ಇರುವ ಒದ್ದೆ ನೆಲದಲ್ಲಿ ಹಾಗೆ ಮಾಡಬಾರದು. ಅಲ್ಲಿ ನಿವ್ವಳ ವಿಕಿರಣದ ಶೇಕಡಾ 10ರಿಂದ 20ರಷ್ಟು ಕೆಳಗಿಳಿದು ಮಂಜನ್ನು ಕರಗಿಸಲು ಹೋಗಬಹುದು. ಚಳಿಗಾಲದಲ್ಲಿ ಮಣ್ಣನ್ನು ಬೆಚ್ಚಗಿಟ್ಟ ಅದೇ ಪೊದೆ ಬೇಸಿಗೆಯಲ್ಲಿ ನೆರಳು ಕೊಟ್ಟು ಮಣ್ಣನ್ನು ತಂಪಾಗಿಡುತ್ತದೆ. ಎರಡನ್ನೂ ಬರೆದುಕೊಂಡ ಮೇಲಷ್ಟೇ ಪೊದೆಯಿಂದ ಪರ್ಮಾಫ್ರಾಸ್ಟ್‌ಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಸಾಧ್ಯ.

ಹೆಜ್ಜೆ 6: ಶರತ್ಕಾಲದಲ್ಲಿ ಯಾರು ಸಾಲ ತೀರಿಸುತ್ತಾರೆ?

ಆಳವಾದ ಸರೋವರ ಬೇಸಿಗೆಯ ಆರಂಭದಲ್ಲಿ ಬಿಸಿಲನ್ನು ನುಂಗುತ್ತದೆ, ವಾಪಸ್ ಕೊಡುವುದು ತೀರ ಕಡಿಮೆ. ನೀರು ತಣ್ಣಗಿರುತ್ತದೆ, ಆವಿ ಕಡಿಮೆ. ಶರತ್ಕಾಲದಲ್ಲಿ ಗಾಳಿ ತಣಿದ ಮೇಲೆ ಆ ಕೂಡಿಟ್ಟ ಶಾಖ ಹೊರಬರುತ್ತದೆ. ಕೆನಡಾದ ಗ್ರೇಟ್ ಸ್ಲೇವ್ ಸರೋವರದ ಅಳತೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದು 614 ಮೀಟರ್ ಆಳದ್ದು, ಉತ್ತರ ಅಮೆರಿಕದಲ್ಲೇ ಅತಿ ಆಳ. ಸುತ್ತಲ ನೆಲ ತಣ್ಣಗಾದ ಮೇಲೂ ಅಲ್ಲಿ ಆವಿಯಾಗುವಿಕೆ ಜೋರಾಗಿ ನಡೆಯುತ್ತದೆ, ಮಂಜುಗಡ್ಡೆ ಕಟ್ಟುವ ತನಕ. ಮೊಣಕಾಲುದ್ದದ ಕೆರೆಗಳು ಹಾಗಲ್ಲ. ಅವು ಬೇಗ ಕಾದು ಬೇಗ ಹೆಪ್ಪುಗಟ್ಟುತ್ತವೆ. ನಕ್ಷೆಯಲ್ಲಿ ಎರಡೂ ನೀಲಿ ಬಣ್ಣವೇ. ಆಳ ಗೊತ್ತಿಲ್ಲದೆ ನೀರಿನ ಲೆಕ್ಕ ಹಾಕಬೇಡಿ.

ಮಣ್ಣಿಗೂ ಇಂಥದ್ದೇ ಒಂದು ಗುಣ ಇದೆ. ಒದ್ದೆ ಮಣ್ಣು ಹೆಪ್ಪುಗಟ್ಟುವಾಗ ಗುಪ್ತೋಷ್ಣ ಬಿಡುತ್ತದೆ, ಹಾಗಾಗಿ ವಾರಗಟ್ಟಲೆ ಸೊನ್ನೆ ಡಿಗ್ರಿಯಲ್ಲೇ ನಿಂತಿರುತ್ತದೆ. ನಿಮ್ಮ ಮಣ್ಣಿನ ಥರ್ಮಾಮೀಟರ್ ಒಂದೇ ಅಂಕಿ ತೋರಿಸುತ್ತಿದ್ದರೆ ಅದು ಕೆಟ್ಟಿದೆ ಎಂದು ಕಿತ್ತು ಹಾಕಬೇಡಿ.

ಹೆಜ್ಜೆ 7: ಅಳತೆ ಮತ್ತು ಚಿತ್ರಗಳನ್ನು ಜೋಪಾನವಾಗಿ ಬಳಸಿ

ನೆಲದ ಮೇಲೆ ಅಳೆಯುವವರಿಗೆ ಮುಖ್ಯ ಉಪಕರಣ ಎರಡು. ಒಂದು, ಬಿಸಿಲು ಮತ್ತು ಅವಗೆಂಪನ್ನು ಮೇಲಿನಿಂದಲೂ ಕೆಳಗಿನಿಂದಲೂ ಬೇರೆ ಬೇರೆಯಾಗಿ ಅಳೆಯುವ ರೇಡಿಯೋಮೀಟರ್. ಎರಡು, ಎಡ್ಡಿ ಕೋವೇರಿಯನ್ಸ್ ಗೋಪುರ. ಇದು ಗಾಳಿಯ ಸುಳಿಗಳನ್ನು ಸೆಕೆಂಡಿಗೆ 10ರಿಂದ 20 ಬಾರಿ ಅಳೆದು, ಶಾಖ ಮತ್ತು ಆವಿ ಎಷ್ಟು ಮೇಲೆ ಹೋಯಿತು ಎಂದು ಹೇಳುತ್ತದೆ. ಆದರೆ ಗೋಪುರ ಕಾಣುವ ನೆಲ ಗಾಳಿಯ ದಿಕ್ಕಿನ ಜೊತೆ ಬದಲಾಗುತ್ತದೆ. ಬೆಳಿಗ್ಗೆ ಜೌಗನ್ನು ಅಳೆದದ್ದು ಮಧ್ಯಾಹ್ನ ಕಾಡನ್ನು ಅಳೆಯುತ್ತಿರಬಹುದು. ಪ್ರತಿ ಅರ್ಧ ಗಂಟೆಯ ಅಂಕಿಯ ಜೊತೆ ಗಾಳಿಯ ದಿಕ್ಕನ್ನೂ ಬರೆದಿಡಿ.

ಇನ್ನೊಂದು ವಿಷಯ. ಇಂಥ ಗೋಪುರಗಳಲ್ಲಿ ಖರ್ಚಿನ ಮೊತ್ತ ಜಮೆಗಿಂತ ಶೇಕಡಾ 10ರಿಂದ 30ರಷ್ಟು ಕಡಿಮೆ ಬರುವುದು ಸಾಮಾನ್ಯ. ಆ ಕೊರತೆಯನ್ನು ಮುಚ್ಚಿಡಬೇಡಿ. ಎರಡು ಹೊದಿಕೆಗಳ ನಡುವಿನ ವ್ಯತ್ಯಾಸ ಆ ಕೊರತೆಗಿಂತ ಚಿಕ್ಕದಾಗಿದ್ದರೆ, ವ್ಯತ್ಯಾಸ ಇದೆ ಎಂದು ಹೇಳುವ ಹಕ್ಕು ನಮಗಿಲ್ಲ.

ಉಪಗ್ರಹದಿಂದ ಆಲ್ಬಿಡೊ ಬೇಕಾದರೆ ನಾಸಾ ಉಪಗ್ರಹಗಳ ಮೋಡಿಸ್ ಉಪಕರಣದ ದತ್ತಾಂಶ ಇದೆ. 500 ಮೀಟರ್ ವಿವರ, ಪ್ರತಿ ದಿನದ ಅಂಕಿ, ಆದರೆ ಪ್ರತಿಯೊಂದರ ಹಿಂದೆ 16 ದಿನಗಳ ಚಿತ್ರಗಳಿರುತ್ತವೆ. ಹಿಮ ಎರಡೇ ದಿನದಲ್ಲಿ ಹೋದರೆ ಈ ದತ್ತಾಂಶ ಅದನ್ನು ನಿಧಾನವಾಗಿ ತೋರಿಸುತ್ತದೆ. ಸೂರ್ಯ ದಿಗಂತದಿಂದ ಮೇಲೆ 20 ಡಿಗ್ರಿಗಿಂತ ಕಡಿಮೆ ಎತ್ತರದಲ್ಲಿದ್ದಾಗಿನ ಅಂಕಿಗಳನ್ನು ನಂಬಬೇಡಿ. ಇಲ್ಲಿ ಚಳಿಗಾಲದ ಬಹುಪಾಲು ಹಾಗೇ ಇರುತ್ತದೆ. ಸಣ್ಣ ತುಣುಕುಗಳಿಗೆ 30 ಮೀಟರಿನ ಲ್ಯಾಂಡ್‌ಸ್ಯಾಟ್, 10 ಮೀಟರಿನ ಸೆಂಟಿನೆಲ್-2 ವಾಸಿ. ಉಪಗ್ರಹದ ಮೇಲ್ಮೈ ತಾಪಮಾನ ಮೋಡವಿಲ್ಲದ ದಿನಗಳದ್ದು ಮಾತ್ರ, ಕಾಡಿನಲ್ಲಿ ಅದು ಮರದ ತಲೆಯ ತಾಪಮಾನ.

ಬೀಳುವ ಬಿಸಿಲು, ಆಕಾಶದ ಅವಗೆಂಪು ಬೇಕಾದರೆ ಇಆರ್‌ಎ5-ಲ್ಯಾಂಡ್ ಎಂಬ, ಹಳೆಯ ಹವಾಮಾನವನ್ನು ಕಂಪ್ಯೂಟರ್ ಮಾದರಿಯಿಂದ ಮರುಕಟ್ಟಿದ ದತ್ತಾಂಶದಲ್ಲಿ 1950ರಿಂದ ಗಂಟೆಗಂಟೆಯ ಅಂಕಿ ಸಿಗುತ್ತದೆ. ಅದರ ಚೌಕ ಸುಮಾರು 9 ಕಿಲೋಮೀಟರಿನದ್ದು. ಅದರಿಂದ ಜಮಾ ಬದಿಯನ್ನು ತೆಗೆದುಕೊಳ್ಳಿ. ಖರ್ಚಿನ ಬದಿಯನ್ನು ತೆಗೆದುಕೊಳ್ಳಬೇಡಿ. ಆ ಚೌಕದೊಳಗೆ ನಿಮ್ಮ ಜೌಗು, ಕಾಡು, ಕೆರೆ ಎಲ್ಲವೂ ಕಲಸಿಹೋಗಿರುತ್ತವೆ.

ಹೆಜ್ಜೆ 8: ಹೊದಿಕೆ ಬದಲಾದರೆ ಏನಾಗುತ್ತದೆ ಎಂದು ಕೇಳಿ

ಇಷ್ಟು ಹೊತ್ತಿಗೆ ನಿಮ್ಮ ಬಳಿ ಒಂದು ಪಟ್ಟಿ ಇರಬೇಕು. ಸಾಲುಗಳಲ್ಲಿ ಹೊದಿಕೆ, ಕಂಬಗಳಲ್ಲಿ ನಾಲ್ಕು ಕಾಲ. ಈಗ ಒಂದು ಸಾಲನ್ನು ಅಳಿಸಿ ಇನ್ನೊಂದನ್ನು ಇಟ್ಟು ನೋಡಿ. 1992ರಲ್ಲಿ ಗಾರ್ಡನ್ ಬೋನನ್ ಮತ್ತು ಜೊತೆಗಾರರು ಕಂಪ್ಯೂಟರ್ ಮಾದರಿಯಲ್ಲಿ ಉತ್ತರದ ಕಾಡನ್ನೆಲ್ಲ ತೆಗೆದು ನೋಡಿದರು. ಹಿಮದ ಬಿಳಿ ಹೊರಬಂದು ಆ ಪ್ರದೇಶ ತಣ್ಣಗಾಯಿತು. 2000ದಲ್ಲಿ ರಿಚರ್ಡ್ ಬೆಟ್ಸ್ ಇದರ ಇನ್ನೊಂದು ಮುಖ ತೋರಿಸಿದರು. ಹಿಮ ಬೀಳುವ ಉತ್ತರದಲ್ಲಿ ಸೂಜಿ ಎಲೆ ಮರ ನೆಟ್ಟರೆ ಅದು ಇಂಗಾಲ ಹೀರಿ ಮಾಡುವ ಉಪಕಾರವನ್ನು ಆಲ್ಬಿಡೊ ಇಳಿಕೆ ಬಹಳ ಮಟ್ಟಿಗೆ ಕಳೆದುಹಾಕಬಹುದು. ಮರ ನೆಡುವುದು ಎಲ್ಲ ಕಡೆಯೂ ಒಂದೇ ಫಲ ಕೊಡುತ್ತದೆ ಎಂದು ನಂಬಿದ್ದ ನನ್ನಂಥವರಿಗೆ ಇದು ಕಹಿ ಸುದ್ದಿ. ಆದರೂ ಲೆಕ್ಕ ಲೆಕ್ಕವೇ.

ಬೆಂಕಿಯದ್ದೂ ಹೀಗೆ. ಕಾಡು ಸುಟ್ಟ ಮೊದಲ ಬೇಸಿಗೆಯಲ್ಲಿ ನೆಲ ಇನ್ನಷ್ಟು ಕಪ್ಪು, ಹಾವಸೆಯ ಹಾಸು ಹೋಗಿ ಶಾಖ ಆಳಕ್ಕೆ ಇಳಿಯುತ್ತದೆ. ಆದರೆ ಮುಂದಿನ ಹಲವು ವಸಂತಗಳಲ್ಲಿ ಹಿಮ ಬಯಲಿಗೆ ಬಂದು ಹೊಳೆಯುತ್ತದೆ. ಅಲಾಸ್ಕದಲ್ಲಿ 1999ರಲ್ಲಿ ಸುಟ್ಟ ಡಾನಲಿ ಫ್ಲ್ಯಾಟ್ಸ್ ಕಾಡಿನ ಮೇಲೆ 2006ರಲ್ಲಿ ಬಂದ ಅಧ್ಯಯನ ಎಲ್ಲವನ್ನೂ 80 ವರ್ಷದ ಅವಧಿಗೆ ಕೂಡಿ ಕಳೆದಾಗ ಒಟ್ಟು ಪರಿಣಾಮ ಸ್ವಲ್ಪ ತಂಪಿನ ಕಡೆಗೇ ಬಂತು. ಪರ್ಮಾಫ್ರಾಸ್ಟ್ ಕರಗಿ ಕುಸಿದ ಪಾಲ್ಸಾದಲ್ಲಿ ಒಣ ದಿಬ್ಬದ ಸಾಲು ಅಳಿಸಿ ಒದ್ದೆ ಜೌಗಿನ ಸಾಲು ಬರೆಯಬೇಕು. ಬೇಸಿಗೆಯ ಆವಿ ಏರುತ್ತದೆ. ಚಳಿಗಾಲದಲ್ಲಿ ತಗ್ಗಿನಲ್ಲಿ ಹಿಮ ನಿಲ್ಲುತ್ತದೆ, ಮಣ್ಣು ಮತ್ತೆ ಅಷ್ಟು ತಣಿಯುವುದಿಲ್ಲ.

ಕೈಯಾರೆ ಮಾಡಿ ನೋಡಲು ಒಳ್ಳೆಯ ಜಾಗ ನಾರ್ವೆ-ಫಿನ್ಲೆಂಡ್ ಗಡಿ. ಅಲ್ಲಿ ಹಿಮಸಾರಂಗಗಳನ್ನು ತಡೆಯುವ ಬೇಲಿ ಇದೆ. ನಾರ್ವೆಯ ಬದಿಯನ್ನು ಮುಖ್ಯವಾಗಿ ಚಳಿಗಾಲದಲ್ಲಿ ಮೇಯಿಸುತ್ತಾರೆ. ಫಿನ್ಲೆಂಡಿನ ಬದಿಯಲ್ಲಿ ಬೇಸಿಗೆಯಲ್ಲೂ ಹಿಂಡು ಇರುತ್ತದೆ, ಕಲ್ಲುಹೂವು ತುಳಿತಕ್ಕೆ ಸವೆದಿದೆ, ಪೊದೆಗಳ ಎಲೆಗಳೂ ಮೇವಾಗುತ್ತವೆ. ಜುಲೈ ತಿಂಗಳ ಒಂದು ಲ್ಯಾಂಡ್‌ಸ್ಯಾಟ್ ಚಿತ್ರ ತೆಗೆಯಿರಿ. ನಾರ್ವೆಯ ಬದಿ ಕಲ್ಲುಹೂವಿನಿಂದ ತಿಳಿಯಾಗಿ, ಫಿನ್ಲೆಂಡಿನ ಬದಿ ಮಂಕಾಗಿ ಕಾಣುತ್ತದೆ. ನಡುವೆ ಗೆರೆ ಎಳೆದ ಹಾಗೆ ಬೇಲಿ. ಆಮೇಲೆ ಹಿಮ ಕರಗುವ ವಾರದ ಒಂದು ಚಿತ್ರ ತೆಗೆಯಿರಿ. ಪೊದೆ ತಗ್ಗಿರುವ ಕಡೆ ಹಿಮದ ಬಿಳಿ ಜಾಸ್ತಿ ದಿನ ಉಳಿಯುತ್ತದೆ, ಪೊದೆ ಎತ್ತರ ಇರುವ ಕಡೆ ಬೇಗ ಮಾಸುತ್ತದೆ. ಎರಡೂ ಬದಿಗೆ ಐದಾರು ಬಿಂದುಗಳನ್ನು ಗುರುತಿಸಿ, ಎರಡೂ ತಿಂಗಳ ಆಲ್ಬಿಡೊ ಬರೆದುಕೊಂಡು, ಹೆಜ್ಜೆ 4ರ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಮತ್ತೊಮ್ಮೆ ಹಾಕಿ.